ಮಾಡೆಲ್ ಎಂ ಕೊಟ್ಟು ಮಾಡೆಲ್ ಎಫ್ ಪಡೆಯಬಹುದೇ? ಹಳೆಯ ಕೀಲಿಮಣೆಗಳಿಗೆ ಬೆಲೆ ಕಟ್ಟುವ ಬಗೆ

ಪ್ರಶ್ನೆ: ಅಮೆರಿಕದಲ್ಲಿ ಕೆಲಸದಲ್ಲಿದ್ದ ನನ್ನ ಚಿಕ್ಕಪ್ಪ ಮೈಸೂರಿಗೆ ಮರಳುವಾಗ ತಂದಿದ್ದ ಎರಡು ಹಳೆಯ ಕೀಲಿಮಣೆಗಳು ಈಗ ನನ್ನ ಬಳಿ ಇವೆ. ಒಂದು ಐಬಿಎಂ ಮಾಡೆಲ್ ಎಂ. ಬೆನ್ನಿನ ಚೀಟಿಯಲ್ಲಿ ಪಾರ್ಟ್ ನಂಬರ್ 1391401 ಎಂದೂ 1989ರ ದಿನಾಂಕವೂ ಇದೆ. ತಂತಿ ಇದೆ, ಎಲ್ಲ ಕೀಲಿಗಳೂ ಕೆಲಸ ಮಾಡುತ್ತವೆ, ಆದರೆ ಅಲುಗಾಡಿಸಿದರೆ ಒಳಗೆ ಕಾಳು ಬಿದ್ದಂತೆ ಸದ್ದಾಗುತ್ತದೆ. ಇನ್ನೊಂದು ಆ್ಯಪಲ್ ಎಕ್ಸ್‌ಟೆಂಡೆಡ್ ಕೀಬೋರ್ಡ್ 2. ಅದು ಹಳದಿಗಟ್ಟಿದೆ, ತಂತಿ ಕಳೆದುಹೋಗಿದೆ, ಹಾಗಾಗಿ ಹಚ್ಚಿ ನೋಡಿಲ್ಲ. ಬೆಂಗಳೂರಿನ ಸಂಗ್ರಾಹಕರೊಬ್ಬರು ಇವೆರಡನ್ನೂ ಕೊಟ್ಟರೆ 1985ರ ಐಬಿಎಂ ಎಟಿ ಮಾಡೆಲ್ ಎಫ್ ಕೊಡುವುದಾಗಿಯೂ, ಅದು ಇನ್ನೂ ಹಳೆಯದಾದ್ದರಿಂದ ಬೆಲೆ ಹೆಚ್ಚೆಂದೂ ಹೇಳುತ್ತಾರೆ. ಅದನ್ನು ಅವರೂ ಹಚ್ಚಿ ನೋಡಿಲ್ಲವಂತೆ. ಇದು ನ್ಯಾಯವಾದ ವಿನಿಮಯವೇ? ಅಪ್ಪನ ಅಂಗಡಿಯಲ್ಲಿದ್ದ ಒಂದು ಟಿವಿಎಸ್ ಗೋಲ್ಡ್ ಕೀಲಿಮಣೆ ಕೂಡ ಮನೆಯಲ್ಲಿದೆ. ಅದಕ್ಕೂ ಬೆಲೆ ಉಂಟೇ?

ಉತ್ತರ: ಈ ವಿನಿಮಯವನ್ನು ಅವರು ಮುಂದಿಟ್ಟಿರುವ ರೂಪದಲ್ಲಿ ಒಪ್ಪಿಕೊಳ್ಳಬೇಡಿ. ಸುಸ್ಥಿತಿಯಲ್ಲಿರುವ ಎಟಿ ಮಾಡೆಲ್ ಎಫ್ ಸಂಗ್ರಾಹಕರ ಕಣ್ಣಿಗೆ ನಿಮ್ಮ ಮಾಡೆಲ್ ಎಂಗಿಂತ ಒಂದು ಮೆಟ್ಟಿಲು ಮೇಲಿನದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮೇಲ್ಮೆಗೆ ಕಾರಣ ಅದರ ವಯಸ್ಸಲ್ಲ, ಒಳಗಿನ ರಚನೆ. ಆ ರಚನೆ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕೊಡುವವರೇ ನೋಡಿಲ್ಲವೆಂದಾದರೆ, ಸುಸ್ಥಿತಿಯ ಬೆಲೆಯನ್ನು ನೀವು ತೆರಬೇಕಾದ ಅಗತ್ಯವಿಲ್ಲ.

ವಯಸ್ಸಿನ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಮಾಡೆಲ್ ಎಂ ಕುಟುಂಬವನ್ನೇ ನೋಡಬಹುದು. ನಿಮ್ಮ 1391401 ಈ ಕುಟುಂಬದಲ್ಲಿ ಅತಿ ಹೆಚ್ಚಾಗಿ ತಯಾರಾದವುಗಳಲ್ಲಿ ಒಂದು. 1987ರಲ್ಲಿ ಬಂದ, ಬಲಬದಿಯ ಅಂಕಿಗಳ ಗುಂಪನ್ನು ಬಿಟ್ಟು ಚಿಕ್ಕದಾಗಿಸಿದ 84 ಕೀಲಿಗಳ 1391472 ಎಂಬ ಮಾದರಿಯಲ್ಲೂ ಇರುವುದು ಅದೇ ಸ್ಪ್ರಿಂಗು, ಅದೇ ಪ್ಲಾಸ್ಟಿಕ್ಕು. ಆದರೂ ಅದು ಪೂರ್ಣ ಅಳತೆಯದಕ್ಕಿಂತ ಹಲವು ಪಟ್ಟು ಬೆಲೆಗೆ ಕೈ ಬದಲಾಗುತ್ತದೆ, ಏಕೆಂದರೆ ಆಗ ಅದನ್ನು ಕೊಂಡವರು ಕಡಿಮೆ, ಈಗ ಬೇಕೆನ್ನುವವರು ಹೆಚ್ಚು. ಎಪ್ಪತ್ತರ ದಶಕದ ಐಬಿಎಂ 3278 ಟರ್ಮಿನಲ್ಲಿನ, ಅಂದರೆ ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಪರದೆಯ, ಬೀಮ್ ಸ್ಪ್ರಿಂಗ್ ಎಂಬ ಬಗೆಯ ಕೀಲಿಮಣೆಗೆ ಇವೆಲ್ಲಕ್ಕಿಂತ ಮೇಲಿನ ಸ್ಥಾನವಿದೆ. ಅದು ಹಳೆಯದೂ ಹೌದು, ಆದರೆ ಅಂಥ ಯಂತ್ರವನ್ನು ಐಬಿಎಂ ಮತ್ತೆಂದೂ ಮಾಡಲಿಲ್ಲ ಎಂಬುದೇ ಮುಖ್ಯ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಯಾವ ವರ್ಷದ್ದು ಎಂದಲ್ಲ, ಯಾವ ಪಾರ್ಟ್ ನಂಬರಿನದು ಎಂದು. ಬೆನ್ನಿನ ಚೀಟಿಯ ಸ್ಪಷ್ಟ ಚಿತ್ರ ಕೊಡದೆ ಬೆಲೆ ಹೇಳುವವರೊಡನೆ ನಾನು ಮಾತು ಮುಂದುವರಿಸುವುದಿಲ್ಲ.

ಎರಡನೆಯ ಪ್ರಶ್ನೆಯೇ ಬೆಲೆಯ ತಿರುಳು: ಇದರಲ್ಲಿರುವ ದೋಷಗಳಲ್ಲಿ ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಸರಿಪಡಿಸಲಾಗದು? ಹಳೆಯ ಕೀಲಿಮಣೆ ದೋಷವಿಲ್ಲದೆ ಸಿಗುವುದು ಅಪರೂಪ. ಅನುಭವವಿಲ್ಲದವರು ಕಣ್ಣಿಗೆ ಕಾಣುವ ಕೊಳೆ, ಹಳದಿ ಬಣ್ಣ, ಇಲ್ಲದ ತಂತಿ ಇವುಗಳಿಗೆ ಬೆಲೆ ಇಳಿಸಿ, ಕಾಣದ ಸವೆತಕ್ಕೆ ಏನನ್ನೂ ಇಳಿಸುವುದಿಲ್ಲ. ಪಳಗಿದವರು ಇದನ್ನು ತಲೆಕೆಳಗು ಮಾಡುತ್ತಾರೆ. ನಿಮ್ಮ ಮುಂದಿರುವ ಮೂರೂ ಕೀಲಿಮಣೆಗಳನ್ನು ಈ ಒಂದೇ ಅಳತೆಗೋಲಿನಿಂದ ನೋಡೋಣ.

ಐಬಿಎಂನ ಎರಡೂ ಕೀಲಿಮಣೆಗಳ ಮೂಲ ಒಂದೇ, ಬಕ್ಲಿಂಗ್ ಸ್ಪ್ರಿಂಗ್. ರಿಚರ್ಡ್ ಹಂಟರ್ ಹ್ಯಾರಿಸ್ ಎಂಬ ಐಬಿಎಂ ಎಂಜಿನಿಯರ್ ರೂಪಿಸಿದ ಈ ವಿನ್ಯಾಸಕ್ಕೆ 1978ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ತೆಂಗಿನಗರಿಯ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬೆರಳಿನಲ್ಲಿ ಒತ್ತಿದರೆ ಅದು ಒಂದು ಹಂತದವರೆಗೆ ತಡೆದು ಥಟ್ಟನೆ ಪಕ್ಕಕ್ಕೆ ಬಾಗುತ್ತದೆಯಲ್ಲವೇ, ಕೀಲಿಯ ಕೆಳಗಿರುವ ಸ್ಪ್ರಿಂಗ್ ಕೂಡ ಹಾಗೆಯೇ ಬಾಗಿ, ತನ್ನ ಬುಡದಲ್ಲಿರುವ ಪುಟ್ಟ ಹಲಗೆಯನ್ನು ಓಲಿಸುತ್ತದೆ. ಆ ಸದ್ದು, ಬೆರಳಿಗೆ ತಾಗುವ ಆ ಕುಸಿತ ಮತ್ತು ಅಕ್ಷರ ದಾಖಲಾಗುವ ಕ್ಷಣ ಮೂರೂ ಒಟ್ಟಿಗೆ ಬರುವುದರಿಂದಲೇ ಜನ ಇಂದಿಗೂ ಇದರ ಬೆನ್ನು ಹತ್ತಿದ್ದಾರೆ.

ವ್ಯತ್ಯಾಸವಿರುವುದು ಆ ಪುಟ್ಟ ಹಲಗೆಯ ಕೆಳಗೆ. 1981ರಲ್ಲಿ ಐಬಿಎಂ ಪಿಸಿಯೊಂದಿಗೆ ಮನೆಮಾತಾದ ಮಾಡೆಲ್ ಎಫ್‌ನಲ್ಲಿ ಹಲಗೆ ಓಲಾಡುವುದು ಒಂದು ಸರ್ಕ್ಯೂಟ್ ಬೋರ್ಡಿನ ಮೇಲೆ. ಹಲಗೆ ಹತ್ತಿರ ಬಂದಾಗ, ದೂರ ಸರಿದಾಗ ಆಗುವ ವಿದ್ಯುತ್ ಧಾರಕತೆಯ ಬದಲಾವಣೆಯನ್ನು ಬೋರ್ಡು ಗುರುತಿಸುತ್ತದೆ. 1985ರ ಹೊತ್ತಿಗೆ ಬಂದ ಮಾಡೆಲ್ ಎಂನಲ್ಲಿ ಖರ್ಚು ತಗ್ಗಿಸಲೆಂದು ಆ ಬೋರ್ಡಿನ ಬದಲು ಪದರ ಪದರವಾದ ಪ್ಲಾಸ್ಟಿಕ್ ಹಾಳೆಗಳನ್ನು ಹಾಕಿದರು. ಅಲ್ಲಿ ಹಲಗೆ ಹಾಳೆಗಳನ್ನು ಒತ್ತಿ ಕೂಡಿಸುತ್ತದೆ. ಎಷ್ಟು ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಮಾಡೆಲ್ ಎಫ್ ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲದು. ಮಾಡೆಲ್ ಎಂ ಖಚಿತವಾಗಿ ಗುರುತಿಸುವುದು ಎರಡನ್ನು ಮಾತ್ರ. ಬೆರಳಿಗೂ ಎಫ್ ಸ್ವಲ್ಪ ಹಗುರ, ಸ್ವಲ್ಪ ಚೂಪು, ಸದ್ದಿನಲ್ಲಿ ಲೋಹದ ಗುಂಗು ಹೆಚ್ಚು.

ಆದರೆ ಬೆಲೆಯ ದೃಷ್ಟಿಯಿಂದ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇವುಗಳನ್ನು ಜೋಡಿಸಿರುವ ರೀತಿ. ಮಾಡೆಲ್ ಎಫ್‌ನ ಒಳಗೆ ಮೇಲೊಂದು ಕೆಳಗೊಂದು ಲೋಹದ ತಟ್ಟೆಗಳಿದ್ದು, ಅವು ಒಂದರೊಳಗೊಂದು ಜಾರಿ ಕಚ್ಚಿಕೊಳ್ಳುತ್ತವೆ. ತಾಳ್ಮೆಯೂ ಬಿಗಿಹಿಡಿಯುವ ಕ್ಲಾಂಪುಗಳೂ ಇದ್ದರೆ ಅವನ್ನು ಬಿಚ್ಚಿ ಮತ್ತೆ ಹಾಗೆಯೇ ಮುಚ್ಚಬಹುದು. ಮಾಡೆಲ್ ಎಂನಲ್ಲಿ ಸ್ಪ್ರಿಂಗುಗಳನ್ನು ಹೊತ್ತ ಪ್ಲಾಸ್ಟಿಕ್ ತಟ್ಟೆಯನ್ನು ಹಿಂದಿನ ಕಬ್ಬಿಣದ ತಟ್ಟೆಗೆ ಪ್ಲಾಸ್ಟಿಕ್ಕಿನ ಮೊಳೆಗಳಿಂದ, ಅವುಗಳ ತಲೆಯನ್ನು ಕರಗಿಸಿ, ಶಾಶ್ವತವಾಗಿ ಕೂಡಿಸಲಾಗಿದೆ. ಬಿಚ್ಚಬೇಕಾದರೆ ಆ ತಲೆಗಳನ್ನು ಕತ್ತರಿಸಲೇಬೇಕು. ದಶಕಗಳು ಕಳೆದಂತೆ ಅವು ತಾವಾಗಿಯೇ ಮುರಿದು ಬೀಳುತ್ತವೆ. ನಿಮ್ಮ ಕೀಲಿಮಣೆಯಲ್ಲಿ ಕಾಳಿನಂತೆ ಸದ್ದು ಮಾಡುತ್ತಿರುವುದು ಬಹುತೇಕ ಅವೇ.

ಹೆದರಬೇಡಿ, ಆದರೆ ಎಣಿಸಿ ನೋಡಿ. ಹಿಂದಿನ ಅಂಚಿನ ಆಳವಾದ ಕುಳಿಗಳಲ್ಲಿ ನಾಲ್ಕು ಸ್ಕ್ರೂಗಳಿವೆ. ಅವುಗಳ ತಲೆ ಷಟ್ಕೋನ, ಅಳತೆ 5.5 ಮಿ.ಮೀ. ಸಾಮಾನ್ಯ ನಟ್ ಡ್ರೈವರಿನ ಗೋಡೆ ದಪ್ಪವಾಗಿದ್ದರೆ ಕುಳಿಯೊಳಗೆ ಇಳಿಯುವುದಿಲ್ಲವಾದ್ದರಿಂದ ತೆಳ್ಳಗಿನ, ಉದ್ದನೆಯದನ್ನೇ ಕೇಳಿ ತನ್ನಿ. ಮೇಲಿನ ಹೊದಿಕೆ ತೆಗೆದು ಒಳಗಿನ ಭಾಗವನ್ನು ಎತ್ತಿ ಮಗುಚಿದರೆ ಕಬ್ಬಿಣದ ತಟ್ಟೆಯ ಮೇಲೆ ಸಾಲುಸಾಲಾಗಿ ಕಪ್ಪು ಗುಂಡಿಗಳಂತೆ ಮೊಳೆಗಳ ತಲೆ ಕಾಣುತ್ತವೆ. ಅಲ್ಲಲ್ಲಿ ಒಂದೊಂದು ಉದುರಿದ್ದರೆ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಒಂದೇ ಕಡೆ ನಾಲ್ಕಾರು ಉದುರಿದ್ದರೆ ಅಲ್ಲಿ ತಟ್ಟೆಗಳ ಬಿಗಿ ಸಡಿಲಿ, ಸ್ಪ್ರಿಂಗ್ ಬಾಗಿದರೂ ಅಕ್ಷರ ಮೂಡದಿರುವ ಕಾಲ ಬಂದೇ ಬರುತ್ತದೆ. ಆಗ ಉಳಿದ ತಲೆಗಳನ್ನೂ ಕೆತ್ತಿ, ತೂತು ಕೊರೆದು, 2 ಮಿ.ಮೀ. ಸ್ಕ್ರೂ ಮತ್ತು ನಟ್ಟುಗಳಿಂದ ಬಿಗಿಯುವುದು ರೂಢಿಯಲ್ಲಿರುವ ಪರಿಹಾರ. ಒಂದು ಭಾನುವಾರದ ಕೆಲಸ. ಅಚ್ಚುಕಟ್ಟಾಗಿ ಮಾಡಿದ್ದರೆ ಸಂಗ್ರಾಹಕರು ಅದನ್ನು ಕುಂದೆಂದು ಎಣಿಸುವುದಿಲ್ಲ, ಬದಲಿಗೆ ಅದಕ್ಕಾಗಿ ನಾಲ್ಕು ಕಾಸು ಹೆಚ್ಚೇ ಕೊಡುತ್ತಾರೆ. ಅಂದರೆ ಇದು ಸರಿಪಡಿಸಬಹುದಾದ ದೋಷ.

ನಿಮ್ಮ ಮಾಡೆಲ್ ಎಂ ಪರವಾಗಿ ಇನ್ನೆರಡು ಮಾತಿವೆ. ಅದರ ತಂತಿ ಕಳಚಿ ತೆಗೆಯುವಂಥದ್ದು, ಕೀಲಿಮಣೆಯ ಬದಿಯಲ್ಲಿರುವ ಅದರ ತುದಿ ಬೇರೆಡೆ ಸುಲಭಕ್ಕೆ ಸಿಗದ ಬಗೆಯದು. ತಂತಿಯಿಲ್ಲದ ಮಾಡೆಲ್ ಎಂ ಕೊಂಡವರು ತಂತಿಗಾಗಿ ಮತ್ತೆ ಕೈಚೀಲ ಬಿಚ್ಚಬೇಕಾಗುತ್ತದೆ. ಕೀಲಿಗಳ ಮೇಲಿನ ಟೊಪ್ಪಿಗೆಗಳು, ಅಂದರೆ ಕೀಕ್ಯಾಪುಗಳು, ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು, ಅಕ್ಷರದ ಬಣ್ಣ ಮೇಲ್ಮೈಯಲ್ಲಿ ಕೂತಿಲ್ಲ, ಒಳಕ್ಕೆ ಇಳಿದಿದೆ, ಆದ್ದರಿಂದ ಮೂವತ್ತೈದು ವರ್ಷ ಟೈಪು ಮಾಡಿದರೂ ಅಳಿಸುವುದಿಲ್ಲ. ವಿರುದ್ಧವಾಗಿ ಒಂದೇ ಮಾತು: ಇದು ವಿರಳವಲ್ಲ. ಜೊತೆಗೆ, 1991ರಲ್ಲಿ ಐಬಿಎಂನಿಂದ ಬೇರ್ಪಟ್ಟ ಲೆಕ್ಸ್‌ಮಾರ್ಕ್ ಈ ತಯಾರಿಕೆ ಕೈಬಿಟ್ಟಾಗ, 1996ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಯೂನಿಕಾಂಪ್ ಅದೇ ಯಂತ್ರಗಳಿಂದ ಅದೇ ಬಗೆಯ ಕೀಲಿಮಣೆಯನ್ನು ಮುಂದುವರಿಸಿತು. ಹೊಸದೇ ಸಿಗುವಾಗ ಸಾಮಾನ್ಯ ಹಳೆಯದರ ಬೆಲೆಗೆ ಒಂದು ಮಿತಿ ತಾನಾಗಿ ಬೀಳುತ್ತದೆ. ಮಾಡೆಲ್ ಎಫ್‌ಗೂ ಈಚೆಗೆ ಹೊಸ ಪ್ರತಿಕೃತಿಗಳು ಬಂದಿವೆ. ಅವು ಬ್ಯಾಂಕುಗಳ 4704 ಟರ್ಮಿನಲ್ಲಿಗಿದ್ದ 62 ಮತ್ತು 77 ಕೀಲಿಗಳ ಚಿಕ್ಕ ಮಾದರಿಗಳಿಂದ ಹೊರಟವು, ಎಟಿ ಮಾದರಿಯ ಹಳೆಯ ಪ್ರತಿಗಳಿಗೆ ಅವುಗಳಿಂದ ಅಷ್ಟಾಗಿ ಧಕ್ಕೆಯಾಗಿಲ್ಲ.

ಆ್ಯಪಲ್ ಕೀಲಿಮಣೆಯ ಕಥೆ ಬೇರೆ. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆ ಬಕ್ಲಿಂಗ್ ಸ್ಪ್ರಿಂಗಿಗೆ ಬಹುಮಟ್ಟಿಗೆ ಒಪ್ಪುತ್ತದೆ, ಪ್ರತಿ ಕೀಲಿಯ ಕೆಳಗೆ ಬಿಡಿಬಿಡಿಯಾಗಿ ಕೂರುವ ಆಲ್ಪ್ಸ್ ಸ್ವಿಚ್ಚಿಗೆ ಒಪ್ಪುವುದಿಲ್ಲ. 1990ರಲ್ಲಿ ಬಂದ ಎಕ್ಸ್‌ಟೆಂಡೆಡ್ 2ರಲ್ಲಿ ಹೆಚ್ಚಾಗಿ ಇರುವುದು ಆಲ್ಪ್ಸ್ ಕಂಪನಿಯ ಕೆನೆಬಣ್ಣದ, ಸದ್ದು ಹೀರುವ ರಬ್ಬರ್ ಚೂರುಗಳಿರುವ ಸ್ವಿಚ್ಚುಗಳು. ಕೊನೆಕೊನೆಗೆ ಮೆಕ್ಸಿಕೋದಲ್ಲಿ ಜೋಡಿಸಿದ ಕೆಲವದರಲ್ಲಿ ಮಿತ್ಸುಮಿ ಸ್ವಿಚ್ಚುಗಳಿದ್ದು, ಅವನ್ನು ಬಯಸುವವರು ಕಡಿಮೆ. 1987ರ ಮೊದಲ ಎಕ್ಸ್‌ಟೆಂಡೆಡ್‌ನಲ್ಲಿದ್ದ ಕಿತ್ತಳೆ ಅಥವಾ ಸಾಮನ್ ಬಣ್ಣದ ಆಲ್ಪ್ಸ್‌ಗಳನ್ನು ಹೆಚ್ಚಿನವರು ನಿಮ್ಮದಕ್ಕಿಂತ ಮೇಲೆಣಿಸುತ್ತಾರೆ. ಒಂದು ಕೀಕ್ಯಾಪ್ ಎತ್ತಿ ನೋಡಿದರೆ ಯಾವುದೆಂದು ತಿಳಿದುಬಿಡುತ್ತದೆ.

ಈ ಸ್ವಿಚ್ಚಿನ ಶತ್ರು ದೂಳು. ಮೇಲೆ ಕೆಳಗೆ ಜಾರುವ ಭಾಗದ ಸಂದಿಯಲ್ಲಿ ಒಮ್ಮೆ ದೂಳು ಸೇರಿ, ಅದರ ಮೇಲೆಯೇ ವರ್ಷಗಟ್ಟಲೆ ಟೈಪು ಮಾಡಿದರೆ, ಮೇಲ್ಮೈ ಉಜ್ಜಿಹೋಗಿ ಪ್ರತಿ ಒತ್ತಿಗೂ ಮರಳು ಸಿಕ್ಕಿದಂತಾಗುತ್ತದೆ. ಪ್ರತಿಯೊಂದು ಸ್ವಿಚ್ಚನ್ನೂ ಬಿಚ್ಚಿ ತೊಳೆದರೂ ಮೊದಲಿನ ನಯ ಪೂರ್ತಿ ಮರಳುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಮೇಲಿನ ಸಾಲಿನ ಎಫ್15 ಕೀಲಿಯನ್ನು ಅದರ ಮೂಲೆಯಲ್ಲಿ ಬೆರಳಿಟ್ಟು, ಉಸಿರು ಬಿಗಿಹಿಡಿದಂತೆ ನಿಧಾನವಾಗಿ ಒತ್ತಿರಿ. ಅನಂತರ ಇ ಕೀಲಿಯನ್ನು ಹಾಗೆಯೇ ಒತ್ತಿರಿ. ಎಫ್15 ನಯವಾಗಿದ್ದು ಇ ಮಾತ್ರ ಕರಕರ ಎಂದರೆ ಅದು ದುಡಿದ ಸವೆತ, ಕೆಲವೇ ಸ್ವಿಚ್ಚುಗಳನ್ನು ಬದಲಿಸಿದರೆ ಸಾಕಾಗಬಹುದು. ಯಾರೂ ಮುಟ್ಟದ ಎಫ್15 ಕೂಡ ಕರಕರ ಎಂದರೆ ಮಣೆಯನ್ನು ಹೊದಿಕೆಯಿಲ್ಲದೆ ಅಟ್ಟದ ಮೇಲಿಟ್ಟಿದ್ದಾರೆ ಎಂದೇ ಅರ್ಥ. ಆಗ ಅದರ ಬೆಲೆಯನ್ನು ನಾನು ಅರ್ಧಕ್ಕಿಂತ ಕೆಳಗೆ ಇಳಿಸುತ್ತೇನೆ.

ಇದಕ್ಕೆ ಹೋಲಿಸಿದರೆ ನಿಮಗೆ ಚಿಂತೆ ಹುಟ್ಟಿಸಿರುವ ಎರಡು ಸಂಗತಿಗಳೂ ಹಗುರ. ತಂತಿಯಿಲ್ಲ ಎಂದಿರಿ. ಆ್ಯಪಲ್ಲಿನ ಎಡಿಬಿ ಸಂಪರ್ಕದ ನಾಲ್ಕು ಕಡ್ಡಿಗಳ ಗುಂಡು ಪ್ಲಗ್ಗು ಮತ್ತು ಹಳೆಯ ಟಿವಿಗಳ ಎಸ್-ವಿಡಿಯೋ ಪ್ಲಗ್ಗು ಒಂದೇ ಆಕಾರದವು, ಆದ್ದರಿಂದ ಎಸ್-ವಿಡಿಯೋ ತಂತಿಯೊಂದು ಸಿಕ್ಕರೆ ಸಾಕು. ಜೊತೆಗೆ ಎಡಿಬಿಯಿಂದ ಯುಎಸ್‌ಬಿಗೆ ಬದಲಿಸುವ ಪರಿವರ್ತಕ ಬೇಕು. ಹಚ್ಚುವಾಗ, ಕಳಚುವಾಗ ವಿದ್ಯುತ್ ಹರಿಯುತ್ತಿರಬಾರದು ಎಂಬುದನ್ನು ಮರೆಯಬೇಡಿ. ಹಳದಿ ಬಣ್ಣವೂ ಹೊದಿಕೆಯ ಮತ್ತು ಸ್ಪೇಸ್ ಬಾರಿನ ಎಬಿಎಸ್ ಪ್ಲಾಸ್ಟಿಕ್ಕಿಗೆ ಸೀಮಿತವಾದದ್ದು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ಪದ್ಧತಿ ಇದೆ. ನಾನು ಅದನ್ನು ಬಿಟ್ಟು ಬಹಳ ದಿನವಾಯಿತು, ಏಕೆಂದರೆ ಪಟ್ಟೆಪಟ್ಟೆಯಾಗುವ ಅಪಾಯವಿದೆ, ಹಳದಿ ಮತ್ತೆ ಮರಳುವುದೂ ಉಂಟು. ಬಿಳಿ ಮಾಡಿದ್ದನ್ನು ಮುಚ್ಚಿಟ್ಟು ಮಾರುವುದಂತೂ ಸಲ್ಲದು.

ಈಗ ಅವರ ಎಟಿ ಮಾಡೆಲ್ ಎಫ್. 1984ರ ಐಬಿಎಂ ಪಿಸಿ ಎಟಿಯೊಂದಿಗೆ ಬಂದ ಈ ಮಾದರಿಯಲ್ಲಿ 84 ಕೀಲಿಗಳಿದ್ದು, ಎಫ್1ರಿಂದ ಎಫ್10ರವರೆಗಿನವು ಎಡಬದಿಯಲ್ಲಿ ಎರಡು ಸಾಲಾಗಿ ನಿಂತಿರುತ್ತವೆ. ಬಾಣದ ಕೀಲಿಗಳು ಬೇರೆಯಾಗಿಲ್ಲ. ದಿನಬಳಕೆಗೆ ಕೊಳ್ಳುವವರಿಗೆ ಇದು ತೊಡಕು. ಇದಕ್ಕಿಂತ ಹಿಂದಿನ 83 ಕೀಲಿಗಳ ಪಿಸಿ ಮಾದರಿ ಇದರ ಅಗ್ಗದ ಅಣ್ಣ. ಅದಕ್ಕೂ ಇದೇ ಐದು ಕಡ್ಡಿಯ ದಪ್ಪ ಪ್ಲಗ್ಗು ಇರುವುದರಿಂದ ಜನ ಒಂದನ್ನು ಇನ್ನೊಂದೆಂದು ತಿಳಿದು ಮೋಸಹೋಗುತ್ತಾರೆ. ಪ್ಲಗ್ಗು ಕೂತರೂ ಎರಡರ ಸಂಕೇತಭಾಷೆ ಬೇರೆ. ಬಲ ಮೇಲ್ತುದಿಯಲ್ಲಿ ಮೂರು ದೀಪಗಳೂ, ಸಿಸ್ ರಿಕ್ವೆಸ್ಟ್ ಎಂಬ 84ನೆಯ ಕೀಲಿಯೂ ಇದ್ದರೆ ಅದು ಎಟಿ.

ಇದರ ಒಳಗೆ ಎರಡು ತಟ್ಟೆಗಳ ನಡುವೆ ತೆಳುವಾದ ಸ್ಪಂಜಿನ ಹಾಳೆಯೊಂದಿದೆ. ನಲವತ್ತು ವರ್ಷಗಳಲ್ಲಿ ಅದು ಕಾಡಿಗೆಯಂಥ ಪುಡಿಯಾಗಿರುತ್ತದೆ ಎಂದೇ ಎಣಿಸಿ. ಪುಡಿಯಾದರೆ ಸ್ಪ್ರಿಂಗುಗಳ ನೆಲೆ ಸಡಿಲಾಗಿ ಕೆಲವು ಕೀಲಿಗಳು ಸತ್ತಂತಿರುತ್ತವೆ. ಹೊಸ ಹಾಳೆ ಕತ್ತರಿಸಿ, ಪ್ರತಿ ಕೀಲಿಗೂ ತೂತು ಹೊಡೆದು ಕೂಡಿಸಿದರೆ ಸರಿಹೋಗುತ್ತದೆ. ಹವ್ಯಾಸಿಗಳು ಮಾಡಿರುವ ಹೊಸ ನಿಯಂತ್ರಕ ಬೋರ್ಡುಗಳು ಸಿಗುವುದರಿಂದ ಹಳೆಯ ಬೋರ್ಡು ಸುಟ್ಟಿದ್ದರೂ ದಾರಿಯಿದೆ. ದಾರಿಯಿಲ್ಲದ್ದು ತುಕ್ಕಿಗೆ. ಮಳೆಗಾಲದ ತೇವದಲ್ಲಿ ನಿಂತ ತಟ್ಟೆ ಕುಳಿಕುಳಿಯಾಗಿ ತಿಂದುಹೋಗಿದ್ದರೆ ಜಾರಿ ಕಚ್ಚಿಕೊಳ್ಳುವ ಅಂಚುಗಳೇ ಉಳಿದಿರುವುದಿಲ್ಲ. ಕಾಣೆಯಾದ ಕೀಕ್ಯಾಪ್ ಕೂಡ ಇಲ್ಲಿ ದೊಡ್ಡ ಕೊರತೆ, ವಿಶೇಷವಾಗಿ ಆ ದೊಡ್ಡ ಎಂಟರ್ ಕೀಲಿ ಇಲ್ಲದಿದ್ದರೆ. ಮೊದಲ ಸಲ ನಾನು ಇಂಥದೊಂದನ್ನು ಚಿತ್ರ ನೋಡಿ ತರಿಸಿಕೊಂಡಾಗ, ಮಾರಿದವರು ಎರಡು ಪದರ ದಿನಪತ್ರಿಕೆ ಸುತ್ತಿ ಕಳಿಸಿದ್ದರು. ಎರಡೂವರೆ ಕೆ.ಜಿ.ಗೂ ಮೀರಿದ ಭಾರ ಪೆಟ್ಟಿಗೆಯೊಳಗೆ ಉರುಳಾಡಿ, ಬಂದಾಗ ಹೊದಿಕೆಯ ಮೂಲೆ ಎರಡು ಹೋಳಾಗಿತ್ತು. ಸ್ಪಂಜಿನ ಕಪ್ಪು ಪುಡಿ ಮೇಜಿನ ಮೇಲೆ ರಂಗೋಲಿ ಬಿಡಿಸಿತ್ತು. ಪುಡಿಯನ್ನು ಸರಿಪಡಿಸಿದೆ, ಮೂಲೆಯನ್ನು ಸರಿಪಡಿಸಲಾಗಲಿಲ್ಲ.

ಬೆಲೆಗಳನ್ನು ಹೋಲಿಸುವಾಗ ಕೇಳುವ ಬೆಲೆಯನ್ನು ನೋಡಬೇಡಿ, ಮಾರಾಟವಾದ ಬೆಲೆಯನ್ನು ಮಾತ್ರ ನೋಡಿ, ಅದೂ ಅದೇ ಪಾರ್ಟ್ ನಂಬರಿನ, ಅದೇ ಸ್ಥಿತಿಯ ನಾಲ್ಕೈದನ್ನು. ಅಮೆರಿಕದ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಇಲ್ಲಿಗೆ ಹಚ್ಚುವುದೂ ಸರಿಯಲ್ಲ. 1978ರಲ್ಲಿ ಭಾರತ ಬಿಟ್ಟ ಐಬಿಎಂ 1992ರಲ್ಲಿ ಟಾಟಾ ಜೊತೆಗೂಡಿ ಮರಳಿತು, ಹೀಗಾಗಿ ಎಂಬತ್ತರ ದಶಕದ ಅದರ ಕೀಲಿಮಣೆಗಳು ನಮ್ಮಲ್ಲಿ ಕಡಿಮೆ. ಹೊರಗಿನಿಂದ ತರಿಸಿದರೆ ಇಷ್ಟು ಭಾರದ ವಸ್ತುವಿನ ಸಾಗಣೆ ವೆಚ್ಚ, ಆ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುವ ಸುಂಕ ಎಲ್ಲ ಕೂಡಿ ಬೆಲೆ ಏರುತ್ತದೆ. ಇಲ್ಲೇ ಇರುವ ಪ್ರತಿಗೆ ಆ ಮಟ್ಟಿಗೆ ಹೆಚ್ಚಿನ ಬೆಲೆ ನ್ಯಾಯವೇ. ಆದರೆ ಕೊಳ್ಳುವವರೂ ಬೆರಳೆಣಿಕೆಯಷ್ಟೇ ಆದ್ದರಿಂದ ಆ ಹೆಚ್ಚುವರಿ ಯಾವಾಗಲೂ ಕೈಗೆ ಬರುತ್ತದೆಂದು ನಂಬುವಂತಿಲ್ಲ.

ಟಿವಿಎಸ್ ಗೋಲ್ಡ್ ಬಗ್ಗೆ ಕೇಳಿದ್ದೀರಿ. ಬಿಲ್ಲಿಂಗ್ ಕೌಂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಅದರ ಸದ್ದು ಕೇಳದವರಿಲ್ಲ. ಹಳೆಯ ಎಷ್ಟೋ ಪ್ರತಿಗಳಲ್ಲಿ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚುಗಳಿವೆ. ಕೀಕ್ಯಾಪ್ ಎತ್ತಿದಾಗ ಸ್ವಿಚ್ಚಿನ ಮೇಲೆ ಚೆರ್ರಿ ಹೆಸರು ಕಾಣಬೇಕು. ಕೀಲಿಯ ಮೇಲೆ ರೂಪಾಯಿ ಚಿಹ್ನೆ ಅಚ್ಚಾಗಿದ್ದರೆ, ಆ ಚಿಹ್ನೆ ಅಂಗೀಕಾರವಾದದ್ದೇ 2010ರ ಜುಲೈನಲ್ಲಿ ಆದ್ದರಿಂದ, ಅದು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಸಂಗ್ರಾಹಕರ ಬೆಲೆ ಅದಕ್ಕೆ ಇನ್ನೂ ಬಂದಿಲ್ಲ. ಸ್ವಿಚ್ಚುಗಳನ್ನು ಕಿತ್ತುಕೊಳ್ಳಲೆಂದು ಯಾರಾದರೂ ಕೇಳಿಯಾರು, ಕೊಡಬೇಡಿ. ಅಪ್ಪನ ಅಂಗಡಿಯ ಲೆಕ್ಕ ಬರೆದ ಮಣೆಯಿಂದ ಬರುವ ನಾಲ್ಕಾರು ನೂರು ರೂಪಾಯಿ ನಿಮಗೆ ದಕ್ಕುವಂಥದ್ದಲ್ಲ.

ಇನ್ನು ವಿನಿಮಯದ ಷರತ್ತು. ಮಾಡೆಲ್ ಎಫ್ ಕೆಲಸ ಮಾಡುತ್ತಿದ್ದು, ತಟ್ಟೆಗಳು ತುಕ್ಕಿಲ್ಲದೆ, ಕೀಕ್ಯಾಪುಗಳು ಪೂರ್ತಿ ಇದ್ದರೆ, ನಿಮ್ಮ ಮಾಡೆಲ್ ಎಂ ಕೊಟ್ಟು ಮೇಲಿಷ್ಟು ಹಣ ಸೇರಿಸುವುದು ನ್ಯಾಯ. ಆ್ಯಪಲ್ ಮಣೆಯ ಎಫ್15 ಪರೀಕ್ಷೆ ಚೆನ್ನಾಗಿ ಬಂದರೆ ಆ ಹಣದ ಬದಲು ಅದನ್ನೇ ಕೊಡಬಹುದು. ಸ್ಪಂಜು ಪುಡಿಯಾಗಿ ಕೆಲವು ಕೀಲಿಗಳು ಸತ್ತಿದ್ದರೆ ಎಂ ಒಂದಕ್ಕೆ ಎಫ್ ಒಂದು ಸರಿಸಮ, ಆ್ಯಪಲ್ ನಿಮ್ಮಲ್ಲೇ ಉಳಿಯಲಿ. ತುಕ್ಕು ಕುಳಿಬಿದ್ದಿದ್ದರೆ ಹಿಂತಿರುಗಿ ಬನ್ನಿ. ಕೊರಿಯರಿಗೆ ಕೊಡಬೇಡಿ. ಮೈಸೂರಿನಿಂದ ರೈಲಿನಲ್ಲಿ ನೀವೇ ಹೋಗಿ. ಲ್ಯಾಪ್‌ಟಾಪ್, ಐದು ಕಡ್ಡಿಯ ಪ್ಲಗ್ಗನ್ನು ಪಿಎಸ್2 ಎಂಬ ಚಿಕ್ಕ ಗುಂಡು ಪ್ಲಗ್ಗಿಗೆ ಬದಲಿಸುವ ಅಡಾಪ್ಟರ್, ಮತ್ತು ಈಗಾಗಲೇ ನಿಮ್ಮ ಮಾಡೆಲ್ ಎಂ ಅನ್ನು ನಡೆಸುತ್ತಿರುವ ಅದೇ ಯುಎಸ್‌ಬಿ ಪರಿವರ್ತಕವನ್ನು ಜೊತೆಗೊಯ್ಯಿರಿ. ಈ ಹಳೆಯ ಮಣೆಗಳು ಎಳೆಯುವ ವಿದ್ಯುತ್ತು ಹೆಚ್ಚಾದ್ದರಿಂದ ಅಗ್ಗದ ಪರಿವರ್ತಕಗಳು ಕೈಕೊಡುತ್ತವೆ, ಆಗ ತಪ್ಪು ಯಾರದೆಂದೇ ತಿಳಿಯುವುದಿಲ್ಲ. ಅವರ ಮುಂದೆಯೇ 84 ಕೀಲಿಗಳನ್ನೂ ಒಂದೊಂದಾಗಿ ಒತ್ತಿ, ಮೂಡದವನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಆ ಕಾಗದವನ್ನು ನಡುವೆ ಇಟ್ಟುಕೊಂಡೇ ಬೆಲೆಯ ಮಾತು ತೆಗೆಯಿರಿ.